ಕೊಂಬು ಕಿತ್ತ ಮದ್ದು

ನನ್ನ ಸೋದರತ್ತೆಗೆ ಬೀದಿಯವರು ಇಟ್ಟ ಹೆಸರು ಭರಣಿ. ಕುಳ್ಳಗೆ, ದುಂಡಗೆ ಇದ್ದಾಳೆ, ಬಾಯಿ ಮಾತ್ರ ದೊಡ್ಡದು ಎಂದು ಅವರ ಅಂಬೋಣ. ಅವಳು ದರ್ಜಿ. ಕೋಟಿಗೆ ಅಸ್ತರು ಕೂಡಿಸುವುದು, ಪ್ಯಾಂಟಿನ ಸೊಂಟ ಬಿಡಿಸುವುದು, ಕೆಟ್ಟ ಜಿಪ್ಪು ಬದಲಾಯಿಸುವುದು ಅವಳ ಕಸುಬು. ಹಣ್ಣಿನ ಮದ್ಯ ಮಾಡುವುದು ಅವಳ ಖುಷಿ. ಪಾಪ, ಗಂಡನಿಲ್ಲ, ಮಕ್ಕಳಿಲ್ಲ, ಬೇಜಾರು ಕಳೆಯಲು ಮಾಡುತ್ತಾಳೆ ಎಂದು ಮರುಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚೆನ್ನಾಗಿರುತ್ತದೆ ಎಂದು ಮಾಡುತ್ತಾಳೆ, ಅಷ್ಟೆ.

ಪ್ಲಮ್ ಹಣ್ಣಿನ ಕಾಲದಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಣ್ಣು ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಗುಂಡಿ ಹೊಲಿಯುವ ಸೂಜಿಯಿಂದ ಮೈತುಂಬ ಚುಚ್ಚುತ್ತಾಳೆ. ಗಾಜಿನ ಭರಣಿಗೆ ಹಣ್ಣು, ಸಕ್ಕರೆ, ಮೇಲೆ ಅಂಗಡಿಯಿಂದ ರಾಜಾರೋಷವಾಗಿ ಕೊಂಡು ತಂದ ಬಣ್ಣವಿಲ್ಲದ ಮದ್ಯ. ಆಮೇಲೆ ಕಾಯುವುದೇ ಕೆಲಸ. ಆ ಕಡೆ ಹೋದಾಗಲೆಲ್ಲ ಕೈಗೆ ಸಿಕ್ಕ ಭರಣಿಯನ್ನು ಒಮ್ಮೆ ಅಲುಗಿಸಿ ಬರುತ್ತಾಳೆ. ಬೆಳಕು ಬಿದ್ದರೆ ಬಣ್ಣ ಕೆಡುತ್ತದೆಂದು ಉಳಿದ ಅಸ್ತರಿನ ತುಂಡುಗಳಿಂದ ಪ್ರತಿ ಭರಣಿಗೂ ಅಂಗಿ ಹೊಲಿದಿದ್ದಾಳೆ, ಕಾಲರ್ ಸಮೇತ.

ಅಪ್ಪನಿಗೆ ಇದು ನುಂಗಲಾರದ ತುತ್ತು. ಅವನು ಶಾಲೆಯ ಮೇಷ್ಟ್ರು. ತಂಗಿ ಮದ್ಯ ಮಾಡುತ್ತಾಳೆ ಎಂದರೆ ಮರ್ಯಾದೆ ಮೂರಾಬಟ್ಟೆಯಾಗುತ್ತದಂತೆ. ಹಾಗೆಂದು ಊಟಕ್ಕೆ ಮುಂಚಿನ ಒಂದು ಮುಚ್ಚಳ ಬಿಡುವ ಆಸಾಮಿಯೂ ಅಲ್ಲ. ಒಂದು ದಿನ ಭರಣಿಗಳ ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ ತಾನೇ ‘ಮದ್ದು’ ಎಂದು ಬರೆದು, “ಇದರ ಮೇಲೆ ದಾರ ಓಡ್ಸು. ಯಾರಾದ್ರೂ ಕೇಳಿದ್ರೆ ಕೆಮ್ಮಿಗೆ ಅನ್ನು,” ಎಂದ. ಅತ್ತೆ ಹುಟ್ಟಿದಾಗಿನಿಂದ ಅಣ್ಣನ ಮಾತು ಕೇಳಿದ್ದು ಅದೊಂದೇ ಸಲ. ಅದೇ ಎಡವಟ್ಟಾಯಿತು.

ಎದುರಿನ ಬೇಕರಿಯಾಕೆ ಕೋಟು ಕೊಡಲು ಬಂದವಳು ಪರದೆಯ ಸಂದಿಯಲ್ಲಿ ಇಣುಕಿದಳು. ಸಾಲುಸಾಲು ಭರಣಿ, ಎಲ್ಲದರ ಮೇಲೂ ಮದ್ದು. ಕೆಮ್ಮಿಗೆ ಯಾರು ಅಷ್ಟೊಂದು ಇಟ್ಟುಕೊಳ್ಳುತ್ತಾರೆ? ಅವಳಿಗೆ ಹೊಳೆದದ್ದು ಇನ್ನೊಂದು ಮದ್ದು: ನೀರಿನಲ್ಲೋ ತಿಂಡಿಯಲ್ಲೋ ಬೆರೆಸಿ, ಆಗದವರನ್ನು ಹಾಸಿಗೆ ಹಿಡಿಸುವ ಮದ್ದು. ಸಂಜೆಯೊಳಗೆ ಬೀದಿಯಿಡೀ ಗುಸುಗುಸು. ಭರಣಿ ಮದ್ದು ಹಾಕುತ್ತಾಳಂತೆ. ಮೊದಲು ಗಿರಾಕಿಗಳು ಅಂಗಡಿಯಲ್ಲಿ ನೀರು ಮುಟ್ಟುವುದು ಬಿಟ್ಟರು. ಆಮೇಲೆ ಬರುವುದನ್ನೇ ಬಿಟ್ಟರು. ಒಬ್ಬರಂತೂ ತೋಳಿಲ್ಲದ ಅರ್ಧ ಕೋಟನ್ನೇ ಕಿತ್ತುಕೊಂಡು ಹೋದರು. ಹೀಗೇ ಆದರೆ ಅಂಗಡಿಗೆ ಬೀಗ ಜಡಿಯುವುದೊಂದೇ ಬಾಕಿ.

ಅಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. “ಎಲ್ಲಾ ಮೋರಿಗೆ ಸುರಿದುಬಿಡು. ಜನ ಮರೀತಾರೆ.”

“ಸುರಿದ್ರೆ ಮದ್ದು ಹಾಕಿದ್ದು ನಿಜ ಅಂತ ಒಪ್ಕೊಂಡ ಹಾಗೆ,” ಎಂದಳು ಅತ್ತೆ.

ಅವಳು ಮಿಷನ್ ಪಕ್ಕದಿಂದ ಹೊಲಿಗೆ ಬಿಚ್ಚುವ ಮೊನೆ ಎತ್ತಿಕೊಂಡಳು. ನಾನು ಭರಣಿ ಹಿಡಿದುಕೊಂಡೆ. ‘ದ್ದು’ವಿನ ಒತ್ತು ಬಿಚ್ಚಿದಳು, ಕೊಂಬು ಕಿತ್ತಳು. ಖಾಲಿಯಾದ ಜಾಗದಲ್ಲಿ ಕೆಂಪು ದಾರದಿಂದ ‘ಯ’ ಒತ್ತು ಹೊಲಿದಳು. ಮದ್ದು ಹೋಗಿ ಮದ್ಯವಾಯಿತು. ಒಂದೊಂದಾಗಿ ಎಲ್ಲ ಅಂಗಿಗಳಿಗೂ ಇದೇ ಚಿಕಿತ್ಸೆ.

“ನಿಂಗೇನು ಕೊಂಬು ಬಂದಿದ್ಯಾ?” ಎಂದು ಅಪ್ಪ ಸಿಡುಕಿದ.

“ಇದ್ದದ್ದನ್ನೂ ಈಗ ತಾನೆ ಕಿತ್ನಲ್ಲ.”

ಭರಣಿಗಳನ್ನು ಮುಂದಿನ ಕೋಣೆಗೆ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಿಸಿದಳು. ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಹತ್ತಿರ ಕುರ್ಚಿ ಎಳೆದುಕೊಂಡು, ಹಾಡುಹಗಲೇ ಪುಟ್ಟ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಹೆಮ್ಮೆಯಿಂದ ನನ್ನ ಮುಖ ಬಿಸಿಯಾಗಿತ್ತು. ಬೇಕರಿಯಾಕೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು.

“ಅದು ಮದ್ದಲ್ವಾ?”

“ಓದೋಕೆ ಬರುತ್ತಲ್ಲ, ಓದಿ.”

ಆಕೆ ಬಗ್ಗಿ ಓದಿದಳು. “ಅಯ್ಯೋ, ಕುಡಿಯೋದಾ? ಇಷ್ಟೇನಾ?” ಎಂದವಳ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, “ನನ್ನ ಕೋಟು ಆಗಿದ್ಯಾ?” ಎಂದು ಕೇಳಿದಳು.

“ಅವತ್ತೇ ಆಗಿದೆ. ನೀವು ಹಾಕಿದ ಮದ್ದು ಇಳೀಲಿ ಅಂತ ಕಾಯ್ತಿದ್ದೆ,” ಎಂದಳು ಅತ್ತೆ. ಬೇಕರಿಯಾಕೆ ಕೋಟು ತೊಟ್ಟು ನೋಡಿದಳು.

ಆಕೆ ಆಚೆ ಹೋಗುವುದನ್ನೇ ಕಾದಿದ್ದ ಅಪ್ಪ ಗೊಣಗಿದ. “ಇನ್ಮೇಲೆ ಕುಡುಕಿ ಅಂತಾರೆ.”

“ಅನ್ಲಿ. ಮಾಡಿದ್ದಕ್ಕೆ ಅನ್ನಿಸ್ಕೋತೀನಿ. ಮಾಡದೇ ಇದ್ದದ್ದಕ್ಕೆ ಮಾತ್ರ ಅನ್ನಿಸ್ಕೊಳ್ಳಲ್ಲ. ನಿನ್ನ ರೂಮಲ್ಲಿರೋ ಭರಣಿನೂ ತಗೊಂಡ್ ಬಾ.”

“ಅದು ಮದ್ದೇ.”

“ಯಾವ ಕಾಯಿಲೆಗೆ? ಇಲ್ಲೇ, ಬಾಗಿಲಲ್ಲಿ ನಿಂತು ಹೇಳು.”

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಬಿರಬಿರನೆ ಮನೆಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದ. ಭರಣಿಯನ್ನು ಎದೆಗವಚಿಕೊಂಡು, ಮೇಲೊಂದು ಟವೆಲ್ಲೂ ಮುಚ್ಚದೆ, ಬೀದಿಯ ಆ ತುದಿಯಿಂದ ನಡೆದು ಬಂದ. ಬೇಕರಿಯ ಮುಂದೆ ಯಾರೋ ಕೇಳಿದರು, “ಏನ್ ಮೇಷ್ಟ್ರೇ ಅದು?”

ಅಪ್ಪ ತಡವರಿಸಿದ. “ನನ್ನ ತಂಗಿ ಮಾಡಿರೋ ಮದ್ಯ,” ಎಂದ.

ಅತ್ತೆ ಆಗಲೇ ಯಾರದೋ ಪ್ಯಾಂಟು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಇನ್ನೊಂಚೂರು ಜೋರಾಗಿ ಹೇಳಣ್ಣ,” ಎಂದಳು. “ಮಿಷನ್ ಸದ್ದಲ್ಲಿ ಕೇಳಿಸ್ಲಿಲ್ಲ.”