ಮೂವತ್ತು ಮಾತ್ರೆಯ ಮೇಜರ್

ಸೇನಾ ಆಸ್ಪತ್ರೆಯ ಹೆರಿಗೆ ವಾರ್ಡಿನ ಮೇಜರ್ ಡಾಕ್ಟರು ಬಾಣಂತಿಯ ಮುಖ ನೋಡುವ ಮೊದಲೇ ಚೀಟಿ ಬರೆದಿರುತ್ತಾರೆ: ಅಫೀಮಿನ ಜಾತಿಯ ನೋವಿನ ಮಾತ್ರೆ, ಮೂವತ್ತು. ಹೊಟ್ಟೆ ಕೊಯ್ಸಿಕೊಂಡವಳಿಗೂ ಅಷ್ಟೇ, ಕೆಮ್ಮಿದಷ್ಟು ಸಲೀಸಾಗಿ ಹೆತ್ತವಳಿಗೂ ಅಷ್ಟೇ; ಗುಂಡೇಟು ತಿಂದ ಸಿಪಾಯಿಗಳಿಗೆಂದು ಅಚ್ಚಾದ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಬರೆಯಲು ಜಾಗವೇ ಇಲ್ಲವಂತೆ! "ನಂಗೆ ನೋವೇ ಇಲ್ವಲ್ಲ ಸಾರ್," ಎಂದು ಸಿಪಾಯಿಯ ಹೆಂಡತಿ ಗೋಗರೆದರೆ, "ಬರುತ್ತೆ ತಾಯಿ, ಎಲ್ಲಿಗೆ ಹೋಗುತ್ತೆ? ಗಂಡ ಗಡೀಲಿದಾನೆ, ನೀನು ಧೈರ್ಯವಾಗಿ ನುಂಗು!" ಎನ್ನುತ್ತಾರೆ ಈ ಪುಣ್ಯಾತ್ಮ. "ಆಮೇಲೆ ಬಿಡೋಕಾಗ್ದೆ ಹೋದ್ರೆ?" ಎಂದು ನರ್ಸಮ್ಮ ಕೇಳಿದರೆ, "ಸೈನಿಕರ ಮನೆಯವ್ರಿಗೆ ಚಟ ಹತ್ತೋಕೆ ಪರ್ಮಿಷನ್ ಇಲ್ಲಮ್ಮಾ," ಎಂದು ಗದರುತ್ತಾರೆ. ತಿಂಗಳಿಗೊಮ್ಮೆ ಮಾತ್ರ ಬಾಗಿಲು ಹಾಕಿಕೊಂಡು, ಅದೇ ಮಾತ್ರೆಯ ಒಂದು ಚೀಟಿಯನ್ನು ತಲೆ ತಗ್ಗಿಸಿ ಬರೆಯುತ್ತಾರೆ. ಅದು ಅವರ ಹೆಂಡತಿಗೆ. ಮಗಳನ್ನು ಹೆತ್ತ ವಾರ ಶುರುವಾದದ್ದು. ಮಗಳಿಗೀಗ ಒಂಬತ್ತು ವರ್ಷ.