ಮನೆಯ ಸ್ವಿಚ್ ಬೋರ್ಡ್ ಹೊತ್ತ ಟ್ರ್ಯಾಕ್ಟರ್

ಕಳೆದ ಭಾನುವಾರ ಬೆಳಿಗ್ಗೆ ಆರೂವರೆ, ದುದ್ದ ಗ್ರಾಮದ ನಮ್ಮ ಬೀದಿ. ಸ್ಥಳದಲ್ಲಿದ್ದವರು ವಾಕಿಂಗ್ ಹೊರಟಿದ್ದ ನಿವೃತ್ತ ಮೇಷ್ಟ್ರು ನಾನು, ಪಕ್ಕದ ಮನೆಯ ಪುಟ್ಟಸ್ವಾಮಿ, ಅವರ ಪತ್ನಿ ಜಯಮ್ಮ.

ಕಬ್ಬು ತುಂಬಿದ ಪುಟ್ಟಸ್ವಾಮಿಯವರ ಟ್ರ್ಯಾಕ್ಟರ್ ಎಂಟಕ್ಕೆ ಕಾರ್ಖಾನೆ ತಲುಪಬೇಕು. ತಡವಾದರೆ ಸರದಿ ತಪ್ಪಿ ಕಬ್ಬು ಒಣಗುತ್ತದೆ. ಆದರೆ ಅದು ಸ್ಟಾರ್ಟ್ ಆಗಲೊಲ್ಲದು. ಸ್ಟಾರ್ಟ್ ಮಾಡುವ ಬಗೆ ಕಳ್ಳರಿಗೆ ತಿಳಿಯಬಾರದೆಂದು ಪುಟ್ಟಸ್ವಾಮಿ ಆ ಹಳೇ ಗಾಡಿಯ ಕೀ ಕಿತ್ತು, ಮನೆಯ ಸ್ವಿಚ್ ಬೋರ್ಡನ್ನೇ ಕೂರಿಸಿದ್ದರು. ನಾಲ್ಕು ಸ್ವಿಚ್ಚು, ಒಂದು ಕಾಲಿಂಗ್ ಬೆಲ್ ಗುಂಡಿ. ಯಾವುದು ಯಾವುದಕ್ಕೆಂದು ಈಗ ಅವರಿಗೇ ಮರೆತುಹೋಗಿತ್ತು. ಒಂದು ಒತ್ತಿದರೆ ಹಾರನ್, ಇನ್ನೊಂದಕ್ಕೆ ದೀಪ.

“ಸರೀರಿ ಅತ್ಲಾಗೆ! ಈ ಸ್ವಿಚ್ಚು ಆಕಿ ಬೆಲ್ಲು ಒತ್ಬೇಕು ಅಂತ ನಂಗೇಳ್ಕೊಟ್ಟೋರು ನೀವೇ ಅಲ್ವಾ?” ಎಂದು ಜಯಮ್ಮ ಗುಂಡಿ ಒತ್ತಿದರು. ಎಂಜಿನ್ ಗುಡುಗಿತು. ಗಾಡಿ ಸಮಯಕ್ಕೆ ತಲುಪಿತು.

ಇಂಥ ಅವ್ಯವಸ್ಥೆ ನನಗಾಗದು. ಮಧ್ಯಾಹ್ನ ಗಾಡಿ ಮರಳಿದ ಕೂಡಲೇ ಒಂದೊಂದನ್ನೇ ಒತ್ತಿ ನೋಡಿ, ಪ್ರತಿ ಸ್ವಿಚ್ಚಿನ ಕೆಳಗೂ ಬಿಳಿ ಬಣ್ಣದಲ್ಲಿ ಅದರ ಕೆಲಸ ಬರೆದೆ, ಕ್ರಮಸಂಖ್ಯೆ ಸಹಿತ.

ಓದಿದ ಜಯಮ್ಮ ನಕ್ಕೇಬಿಟ್ಟರು. “ಮೇಷ್ಟ್ರೇ, ಕಳ್ಳನ್ಗೂ ಪಾಠ ಬರ್ದಿಟ್ಬುಟ್ರಲ್ಲಾ!”

ಯಾವ ಸ್ವಿಚ್ಚೆಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಪುಟ್ಟಸ್ವಾಮಿಗೆ ಅದನ್ನು ಐದು ಸಲ ಬಾಯಿಪಾಠ ಒಪ್ಪಿಸಲು ಹೇಳಿ, ಸಂಜೆ ಆರಕ್ಕೆ ಡೀಸೆಲ್ ಬಟ್ಟೆಯಲ್ಲಿ ನನ್ನ ಅಕ್ಷರಗಳನ್ನೆಲ್ಲ ನಾನೇ ಒರೆಸಿ ಮುಗಿಸಿದೆ.