ಅಂಚಿನಲ್ಲಿ ಬರೆಯುವ ಮೇಷ್ಟ್ರು
ಅರ್ಥಶಾಸ್ತ್ರದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಆಧಾರ ಎಲ್ಲಿ’. ಯಾರು ಏನೇ ಬರೆದು ತಂದರೂ ಅಂಚಿನಲ್ಲಿ ಅವರು ಮೊದಲು ಗೀಚುವುದು ಈ ಎರಡೇ ಪದ. ವಿಶೇಷಣ ಕಂಡರಂತೂ ಅಕ್ಕಿಯಲ್ಲಿ ಕಲ್ಲು ಕಂಡವರಂತೆ ಆರಿಸಿ ಎಸೆಯುತ್ತಾರೆ. ಮದುವೆಯ ಕರೆಯೋಲೆಯಲ್ಲೂ ‘ಅದ್ದೂರಿ’ ಎಂಬುದನ್ನು ಹೊಡೆದುಹಾಕಿ, ಆಮೇಲೆ ನೆಮ್ಮದಿಯಾಗಿ ಊಟಕ್ಕೆ ಹೋಗಿಬರುತ್ತಾರೆ. ಹೆಂಡತಿ ‘ಈ ಬೀದಿಗೆಲ್ಲ ನಮ್ಮನೇದೇ ಹಳೇ ಫ್ರಿಜ್ಜು’ ಎಂದಾಗ, ‘ಎಷ್ಟು ಮನೆ ನೋಡಿ ಹೇಳ್ತಿದ್ದೀಯ?’ ಎಂದು ಕೇಳಿ ಎರಡು ದಿನ ತಣ್ಣಗಾದ ಕಾಫಿ ಕುಡಿದವರು. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ವಿಶ್ವಕೋಶಕ್ಕೆಂದು ಪ್ರಾದೇಶಿಕ ವರಮಾನದ ಅಸಮಾನತೆಯ ಮೇಲೆ ಲೇಖನ ಬರೆದು ತಂದಳು. ‘ಹೃದಯವಿದ್ರಾವಕ’ ಹೋಯಿತು, ‘ಶೋಚನೀಯ’ ಹೋಯಿತು. ‘ವಿಶ್ವಕೋಶ ಅಳಬಾರದಮ್ಮ, ಓದಿದವರು ಬೇಕಾದ್ರೆ ಅಳಲಿ’ ಎಂದರು. ಕೊನೆಯ ಪುಟದಲ್ಲಿ, ಗಣಿ ಪ್ರದೇಶದ ಸರಾಸರಿ ವರಮಾನ ರಾಜಧಾನಿಯಷ್ಟೇ ಇದೆ, ಆದ್ದರಿಂದ ಅಲ್ಲಿ ಬಡತನವಿಲ್ಲ ಎಂದಿತ್ತು. ಕೆಳಗೆ ವರದಿಯ ಹೆಸರು, ಪುಟ ಎಲ್ಲವೂ ಸರಿಯಾಗಿದ್ದವು. ಮೇಷ್ಟ್ರ ಪೆನ್ನು ಅಲ್ಲಿ ನಿಂತುಬಿಟ್ಟಿತು. ‘ಅಂಕಿ ತಪ್ಪಾಗಿದ್ಯಾ ಸಾರ್?’ ಎಂದಳು ಅವಳು. ‘ಅಂಕಿ ಸರಿಯಾಗೇ ಇದೆ. ನಾನು ಅಲ್ಲೇ ಹುಟ್ಟಿದ್ದು. ಆಗಿನ ಸರಾಸರೀಲಿ ಗಣಿ ಮಾಲೀಕನೂ ಇದ್ದ, ಅದಿರು ಹೊರೋ ನಮ್ಮಮ್ಮನೂ ಇದ್ಲು. ಲೆಕ್ಕದ ಪ್ರಕಾರ ನಾವು ದಿನಾ ಹೊಟ್ಟೆ ತುಂಬ ಉಂಡಿದ್ವಿ.’ ಅವಳು ಬರೆದುಕೊಳ್ಳಲು ಹೊರಟಾಗ ಕೈ ಅಡ್ಡ ಹಿಡಿದರು. ‘ಅದು ನಮ್ಮನೆ ಮಾತು, ಹಾಕ್ಬೇಡ. ಯಾರ ಪಾಲಿಗೆ ಎಷ್ಟು ಬಂತು ಅನ್ನೋ ಪಟ್ಟಿ ಎಲ್ಲಾದ್ರೂ ಇರತ್ತೆ, ಹುಡುಕೋಣ ಬಾ’ ಎಂದು ಅವಳಿಗಿಂತ ಮೊದಲೇ ಎದ್ದು ಗ್ರಂಥಾಲಯದ ಕಡೆ ಹೊರಟರು.